ಈದ ಮೂಲೆ

ನನ್ನ ಮಗಳು ವೀರಬಸಮ್ಮ ಹೋದ ಮಾಘದಲ್ಲಿ ಲಿಂಗೈಕ್ಯಳಾದಳು. ಅವಳ ಒಬ್ಬಳೇ ಮಗಳು ಭುವನೇಶ್ವರಿ ಅದೇ ವರ್ಷ ಶ್ರಾವಣದಲ್ಲಿ ಗದ್ವಾಲದ ಒಂದು ಡಿಗ್ರಿ ಕಾಲೇಜಿಗೆ ಸೇರಿ ಅಲ್ಲಿಯ ಹಾಸ್ಟೆಲಿನಲ್ಲಿ ಉಳಿದಳು. ಕಣ್ಣಿಗೆ ಕಾಣದ ಜೀವಿಗಳ ಶಾಸ್ತ್ರ ಓದಬೇಕು ಎಂಬುದು ಅವಳ ಆಸೆ. ತಾಯಿಯ ರಕ್ತಪರೀಕ್ಷೆಯ ಕಾಗದಗಳನ್ನು ಒಂದು ವರ್ಷ ಹಿಡಿದು ನೋಡಿ ನೋಡಿ ಹುಟ್ಟಿದ ಆಸೆ ಅದು. ಹತ್ತಿರದಲ್ಲಿ ಆ ವಿಷಯಕ್ಕೆ ಸೀಟು ಸಿಕ್ಕಿದ್ದು ಗದ್ವಾಲದಲ್ಲಿ ಮಾತ್ರ.

ಕಣ್ಣು ಮುಚ್ಚುವ ಹಿಂದಿನ ವಾರ ವೀರಬಸಮ್ಮ ಮಗಳ ಕೈ ಹಿಡಿದು ಒಂದೇ ಮಾತು ತೆಗೆದುಕೊಂಡಿದ್ದಳು. ಎಲ್ಲಿದ್ದರೂ ಲಿಂಗಪೂಜೆ ಮಾಡದೆ ಬಾಯಿಗೆ ಅನ್ನ ಇಡಬಾರದು ಎಂಬುದೇ ಆ ಮಾತು. ಹುಡುಗಿ ಆಗಲಿ ಎಂದಿದ್ದಳು. ಆದ್ದರಿಂದ ಫೋನು ಮಾಡಿದಾಗಲೆಲ್ಲ ನಾನು ಊಟದ ವಿಷಯ ಕೇಳುವ ಮೊದಲು ಪೂಜೆಯ ವಿಷಯ ಕೇಳುತ್ತಿದ್ದೆ. ಆಗುತ್ತಿದೆ ಎನ್ನುತ್ತಿದ್ದಳು. ಮೇಲಿನ ಅಂತಸ್ತಿನ ಛಾವಣಿ ರಿಪೇರಿಗೆ ಬಂದು, ಅಲ್ಲಿನ ಹುಡುಗಿಯರನ್ನೆಲ್ಲ ಕೆಳಗೆ ಇಳಿಸಿದ್ದಾರೆಂದೂ, ಆರು ಜನರ ಕೋಣೆಯಲ್ಲಿ ಹನ್ನೆರಡು ಜನ ಇದ್ದೇವೆಂದೂ ಅವಳು ಒಮ್ಮೆ ಹೇಳಿದ್ದಳು. ಹನ್ನೆರಡು ಜನರ ಕಾಲಡಿಯಲ್ಲಿ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಎಲ್ಲಿ ಕೂರುತ್ತಾಳೆ ಎಂಬ ಚಿಂತೆ ನನಗೆ ಹತ್ತಿತು. ಕಾರ್ತಿಕದಲ್ಲಿ ಒಂದು ದಿನ ಬಿಡಿಸಿ ಕೇಳಿದೆ.

“ಈದ ಮೂಲ್ಯಾಗ ಕುಂದ್ರತೀನಿ ಅಜ್ಜಿ. ನೀ ಚಿಂತಿ ಮಾಡಬ್ಯಾಡ” ಎಂದಳು.

ನನ್ನ ಕಿವಿಗೆ ಬಿದ್ದದ್ದು ‘ಈದ್ ಮೂಲೆ’. ತೆಲಂಗಾಣದ ಗಡಿಯ ಮಕ್ತಲ್‌ನಲ್ಲಿ ನಮ್ಮ ಮನೆ ಮಸೀದಿಯ ಹಿಂದಿನ ಬೀದಿಯಲ್ಲಿದೆ. ರಂಜಾನಿನ ಹಬ್ಬಕ್ಕೆ ಮೂರು ಮನೆಗಳಿಂದ ಶಾವಿಗೆ ಪಾಯಸ ಬರುತ್ತದೆ. ಹಾಗಾಗಿ ಆ ಮಾತು ನನಗೆ ಬೇರೆ ಅರ್ಥದಲ್ಲಿ ಕೇಳಿಸುವಂತೆಯೇ ಇರಲಿಲ್ಲ. ಕೋಣೆಯಲ್ಲಿ ತಸ್ಲೀಮ್ ಎಂಬ ಹುಡುಗಿ ಇದ್ದಾಳೆಂದು ತಿಳಿದಿತ್ತು. ಆ ಹುಡುಗಿ ನಮಾಜಿಗೆ ಇಟ್ಟುಕೊಂಡ ಮೂಲೆಯಲ್ಲಿ, ಅವಳು ಇಲ್ಲದ ಹೊತ್ತು ನೋಡಿ, ನಮ್ಮ ಹುಡುಗಿ ಕೂರುತ್ತಾಳೆ ಎಂದು ತಿಳಿದುಕೊಂಡೆ. ತಸ್ಲೀಮಳ ಮೇಲೆ ನನಗೆ ಬೇಸರವಿರಲಿಲ್ಲ. ಒಳ್ಳೆಯ ಮನಸ್ಸಿನವಳೇ ಇರಬೇಕು. ಆದರೆ ವೀರಬಸಮ್ಮನ ಮಗಳಿಗೆ ತನ್ನದು ಎಂಬ ಒಂದು ಗೇಣು ನೆಲ ಇಲ್ಲದೆ, ಪರರ ಜಾಗದಲ್ಲಿ ಅವಸರದ ಪೂಜೆ ಮಾಡಿ ಏಳಬೇಕಾಯಿತಲ್ಲ ಎಂದು ಸಂಕಟವಾಯಿತು.

ಅಳಿಯ ಶಿವಕಾಂತ ನಮ್ಮ ಮನೆಯಲ್ಲೇ ಇದ್ದು ಮಕ್ತಲ್‌ನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾನೆ. ಮೊದಲೇ ಮಾತು ಕಡಿಮೆ. ಹೆಂಡತಿ ಹೋದ ಮೇಲೆ ಇನ್ನೂ ಕಡಿಮೆ. ನಾನು ಇದನ್ನು ಹೇಳಿದಾಗ ಅವನು ನಾರಾಯಣಪೇಟೆಯ ಒಂದು ಖಾಸಗಿ ಕಾಲೇಜಿನಲ್ಲಿ ವಿಚಾರಿಸಿಕೊಂಡು ಬಂದ. ಬಿ.ಎ.ಗಾದರೆ ಈಗಲೂ ಸೇರಿಸಿಕೊಳ್ಳುತ್ತಾರಂತೆ; ದಿನಾ ಬಸ್ಸಿನಲ್ಲಿ ಹೋಗಿ ಬರಬಹುದಂತೆ; ಸೋಮವಾರದೊಳಗೆ ತಿಳಿಸಬೇಕಂತೆ. ಅವಳು ಬಯಸಿದ ವಿಷಯ ಅಲ್ಲಿ ಇಲ್ಲ. “ನೀವು ಹ್ಯಾಂಗ ಅಂತೀರೋ ಹಂಗ್ರಿ ಅತ್ತಿ” ಎಂದು ನಿರ್ಧಾರವನ್ನು ನನ್ನ ಮೇಲೆಯೇ ಬಿಟ್ಟ. ಶನಿವಾರ ಹೋಗಿ, ಭಾನುವಾರ ಹುಡುಗಿಯನ್ನು ಕರೆದುಕೊಂಡು ಬರುವುದೆಂದು ನಾನು ಹೊರಟೆ.

ಆತ್ಮಕೂರಿನಲ್ಲಿ ಬಸ್ಸು ಬದಲಿಸಿದೆ. ಜೂರಾಲದ ಕಟ್ಟೆಯ ಮೇಲೆ ಕೃಷ್ಣೆಯನ್ನು ದಾಟುವಾಗ ಎಲ್ಲರಂತೆ ನಾನೂ ಕೈ ಮುಗಿದೆ. ಗದ್ವಾಲ ಮುಟ್ಟಿದಾಗ ಇಳಿಹೊತ್ತು. ವಾರ್ಡನ್ ಹೆಣ್ಣುಮಗಳು ಸಭ್ಯಸ್ಥೆ. ಒಂದು ರಾತ್ರಿ ಮೊಮ್ಮಗಳ ಹತ್ತಿರ ಉಳಿಯಲು ಒಪ್ಪಿದಳು. ಬಹಳ ಇಕ್ಕಟ್ಟಾಗಿದೆ, ಬೇಸರ ಮಾಡಿಕೊಳ್ಳಬೇಡಿ ಎಂದು ತಾನಾಗಿಯೇ ಹೇಳಿದಳು.

ನಾನು ಮೂವತ್ತೆಂಟು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿದವಳು. ಕೋಣೆ ಕಂಡರೆ ಎಷ್ಟು ಮಕ್ಕಳು ಹಿಡಿಯುತ್ತಾರೆಂದು ಕಣ್ಣೇ ಅಳೆಯುತ್ತದೆ. ಆ ಕೋಣೆಗೆ ಆರು ಜನ ಎಂದರೂ ಹೆಚ್ಚು. ಹನ್ನೆರಡು ಜನ ಎಂದರೆ ಜಗಳ, ಗದ್ದಲ, ಒಬ್ಬರ ಬಟ್ಟೆಯ ಮೇಲೆ ಇನ್ನೊಬ್ಬರ ತಟ್ಟೆ ಇರುತ್ತದೆ ಎಂದುಕೊಂಡು ಬಾಗಿಲಿಗೆ ಬಂದೆ. ಬಾಗಿಲಲ್ಲಿ ಚಪ್ಪಲಿಗಳು ಒಂದೇ ಸಾಲಿನಲ್ಲಿ, ಮೂತಿ ಹೊರಗೆ ಮಾಡಿ ನಿಂತಿದ್ದವು. ಒಳಗೆ ಕಬ್ಬಿಣದ ಮಂಚಗಳೇ ಇರಲಿಲ್ಲ. ವಾರ್ಡನ್‌ಳನ್ನು ಕೇಳಿ ಅವನ್ನು ಹಿಂದಿನ ಪಡಸಾಲೆಗೆ ಸಾಗಿಸಿದ್ದರಂತೆ. ಹಾಸಿಗೆಗಳನ್ನು ಸುತ್ತಿ, ಹಳೆಯ ಸೀರೆಯ ಅಂಚಿನಿಂದ ಕಟ್ಟಿ, ಗೋಡೆಯ ಉದ್ದಕ್ಕೂ ಇಟ್ಟಿದ್ದರು. ಅವೇ ಹಗಲು ಕೂತು ಓದುವ ಪೀಠಗಳು. ಟ್ರಂಕುಗಳು ಎರಡೆರಡಾಗಿ ಒಂದರ ಮೇಲೊಂದು. ಬೇಗ ಏಳುವವಳದು ಮೇಲೆ, ತಡವಾಗಿ ಏಳುವವಳದು ಕೆಳಗೆ. ಬಕೀಟುಗಳು ಒಂದರೊಳಗೊಂದು ಸೇರಿ ಬಾಗಿಲ ಹಿಂದೆ. ಕನ್ನಡಿ ಮಾತ್ರ ಕೋಣೆಯಲ್ಲಿ ಇರಲಿಲ್ಲ; ಹೊರಗೆ ಪಡಸಾಲೆಯ ಕಂಬಕ್ಕೆ ತೂಗಿತ್ತು. ಒಳಗಿದ್ದರೆ ಅದರ ಮುಂದೆ ಸದಾ ನಾಲ್ಕು ಜನ ನಿಂತಿರುತ್ತಾರೆ, ಹೊರಗೆ ಚಳಿಯಲ್ಲಿ ಯಾರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ ಎಂದು ಒಬ್ಬಳು ಕಾರಣ ಹೇಳಿದಳು. ನಾನು ಮನಸ್ಸಿನಲ್ಲೇ ಮೆಚ್ಚಿದೆ. ಆದರೆ ಬಂದ ಉದ್ದೇಶ ಬೇರೆಯಾಗಿತ್ತು. ಮೆಚ್ಚುಗೆಯನ್ನು ತೋರಿಸಲಿಲ್ಲ.

ಭುವನೇಶ್ವರಿ ಓಡಿ ಬಂದು ಕಾಲು ಮುಟ್ಟಿದಳು. ಸ್ವಲ್ಪ ಬಡವಾಗಿದ್ದಳು, ಮುಖ ಮಾತ್ರ ಗೆಲುವಾಗಿತ್ತು. ಉಳಿದವರು ಸುತ್ತ ನಿಂತರು. ನನಗೆ ಹೆಸರು ನೆನಪಿನಲ್ಲಿ ಉಳಿದದ್ದು ಮೂವರದು. ಐಜ ಊರಿನ ರಜಿತಾ, ದಪ್ಪ ಜಡೆಯ, ಬಾಯಿ ನಿಲ್ಲದ ಹುಡುಗಿ. ತಸ್ಲೀಮ್ ಸಣ್ಣ ದನಿಯವಳು, ಕನ್ನಡಕದವಳು. ಮೂರನೆಯವಳು ಕೆ.ಟಿ. ದೊಡ್ಡಿ ಕಡೆಯ ಕುರುಬರ ಅಖಿಲಾ. ಕಡ್ಡಿಯಂಥ ಮೈ, ಬಿಸಿಲಿಗೆ ಕಂದಿದ ಮುಖ. ಮಾತಾಡುವಾಗ ಎದುರಿನವರನ್ನು ನೋಡದೆ ಕೋಣೆಯನ್ನು ನೋಡುತ್ತಿದ್ದಳು, ಏನೋ ಎಣಿಸುವವಳ ಹಾಗೆ. ಅವಳ ತಂದೆ ಕುರಿ ಹಿಂಡಿನ ಹಿಂದೆ ತುಂಗಭದ್ರೆಯ ದಂಡೆಗೆ ಹೋಗಿದ್ದನಂತೆ. ಮಳೆಗಾಲದ ತನಕ ಮನೆಗೆ ಬರುವುದಿಲ್ಲವಂತೆ.

ಕೈಯಲ್ಲಿದ್ದ ಚೀಲ ಎಲ್ಲಿಡಲಿ ಎಂದು ನೋಡಿದೆ. ಎಲ್ಲ ಕಡೆ ತುಂಬಿತ್ತು. ಮೂಡಣ ಕಿಟಕಿಯ ಕೆಳಗೆ ಮಾತ್ರ ಒಬ್ಬರು ಪದ್ಮಾಸನ ಹಾಕಿ ಕೂರುವಷ್ಟು ಬಂಡೆಯ ನೆಲ ತೊಳೆದಂತೆ ಖಾಲಿಯಾಗಿತ್ತು. ಅಲ್ಲಿ ಚೀಲ ಇಟ್ಟೆ. ರಜಿತಾ ಬಂದು ನಗುತ್ತ ಚೀಲವನ್ನು ಎತ್ತಿಕೊಂಡು ತನ್ನ ಟ್ರಂಕಿನ ಮೇಲಿಟ್ಟಳು. ಇಷ್ಟು ಇಕ್ಕಟ್ಟಿನಲ್ಲಿ ಒಂದು ಮೂಲೆ ಖಾಲಿ ಬಿಟ್ಟು, ಮುದುಕಿಯ ಚೀಲಕ್ಕೂ ಅಲ್ಲಿ ಎಡೆಯಿಲ್ಲ ಎನ್ನುತ್ತಾರಲ್ಲ ಎಂದುಕೊಂಡೆ.

ಸೂರ್ಯ ಮುಳುಗಿದ. ತಸ್ಲೀಮ್ ಕೈಕಾಲು ತೊಳೆದುಕೊಂಡು ಬಂದು, ತಲೆಯ ಮೇಲೆ ಓಢಣಿ ಎಳೆದುಕೊಂಡು, ಅದೇ ಮೂಲೆಯಲ್ಲಿ ಚಾಪೆ ಹಾಸಿ ನಿಂತಳು. ಉಳಿದವರು ದನಿ ತಗ್ಗಿಸಿದರು. ನಾನು ಫೋನಿನಲ್ಲಿ ಕೇಳಿದ್ದು ಸರಿಯೇ ಎಂದು ಆಗ ಖಾತ್ರಿಯಾಯಿತು.

ಭುವನೇಶ್ವರಿಯನ್ನು ಪಡಸಾಲೆಗೆ ಕರೆದು ನಾರಾಯಣಪೇಟೆಯ ಮಾತು ಹೇಳಿದೆ. ನಿನ್ನ ಅಪ್ಪನೂ ಒಪ್ಪಿದ್ದಾನೆ, ಬೆಳಿಗ್ಗೆ ನನ್ನ ಜೊತೆ ಹೊರಡು, ಮನೆಯಲ್ಲಿ ದೇವರ ಕೋಣೆಯೇ ಇದೆ, ನೆಮ್ಮದಿಯಾಗಿ ಪೂಜೆ ಮಾಡಬಹುದು ಎಂದೆ. ಹುಡುಗಿ ಬಹಳ ಹೊತ್ತು ಕಂಬವನ್ನು ಉಗುರಿನಿಂದ ಕೆರೆಯುತ್ತ ನಿಂತಳು. ಹಾಗಾದರೆ ಈ ವಿಷಯ ಬಿಡಬೇಕೇ ಎಂದಷ್ಟೇ ಕೇಳಿದಳು. ಬಿ.ಎ. ಓದಿದರೂ ಅದು ಓದೇ ಅಲ್ಲವೇ ಎಂದೆ. ಅವಳು ವಾದ ಮಾಡಲಿಲ್ಲ. ತಂದೆಯ ಹಾಗೆಯೇ, ನೀನು ಹೇಗೆ ಹೇಳಿದರೆ ಹಾಗೆ ಎಂದು ಒಳಗೆ ಹೋದಳು. ಊಟದ ಸಾಲಿನಲ್ಲಿ ನೋಡಿದೆ. ತಟ್ಟೆಯಲ್ಲಿ ಅನ್ನ ಹಾಗೆಯೇ ಉಳಿದಿತ್ತು.

ಊಟ ಮುಗಿದು ಎಲ್ಲರೂ ಕೋಣೆಗೆ ಬಂದರು. ಹೊರಡುವ ಮೊದಲು ತಸ್ಲೀಮಳಿಗೆ ಒಂದು ಒಳ್ಳೆಯ ಮಾತು ಹೇಳುವುದು ಧರ್ಮ ಎಂದು ತೋರಿತು. ಹತ್ತಿರ ಕರೆದೆ.

“ನಿನ್ನ ಈದ್ ಮೂಲ್ಯಾಗ ನಮ್ಮ ಹುಡುಗೀಗೂ ಜಾಗ ಕೊಟ್ಟೀಯಲ್ಲ ಯವ್ವಾ, ನಿನಗ ಪುಣ್ಯ ಬರಲಿ” ಎಂದೆ.

ತಸ್ಲೀಮ್ ಕನ್ನಡಕ ಸರಿಮಾಡಿಕೊಂಡು ಉಳಿದವರ ಮುಖ ನೋಡಿದಳು. “ಅದು ನಂದಲ್ಲಮ್ಮಾ” ಎಂದಳು ಮೆಲ್ಲಗೆ. “ಕುರೀದು.”

ಹನ್ನೊಂದು ಹುಡುಗಿಯರು ಒಟ್ಟಿಗೆ ನಕ್ಕರು. ಭುವನೇಶ್ವರಿಯೂ ಆ ಸಂಜೆಯಲ್ಲಿ ಮೊದಲ ಸಲ ನಕ್ಕಳು. ರಜಿತಾ ನೆಲದ ಮೇಲೆ ಬಿದ್ದು ಹೊಟ್ಟೆ ಹಿಡಿದುಕೊಂಡಳು. ನಾನು ಏನೂ ತಿಳಿಯದೆ ಕೂತಿದ್ದೆ. ಕೊನೆಗೆ ಮೊಮ್ಮಗಳೇ ಬಿಡಿಸಿದಳು. ಅದು ಈದ್ ಅಲ್ಲ, ಈದ. ಈದ ಕುರಿ, ಈದ ಎಮ್ಮೆ ಎನ್ನುತ್ತೇವಲ್ಲ, ಆ ಈದ. ಮರಿ ಹಾಕಿದ ಕುರಿಯ ಮೂಲೆ.

ಎಷ್ಟು ವರ್ಷ ಕನ್ನಡ ಕಲಿಸಿದವಳು ನಾನು! ನನಗೂ ನಗು ಬಂತು.

“ಈಕಿ ನಮ್ಮನ್ನೆಲ್ಲಾ ಕುರಿ ಮಾಡಿ ಇಟ್ಟಾಳಮ್ಮಾ” ಎಂದು ರಜಿತಾ ಅಖಿಲಾಳ ಕಡೆ ಕೈ ಮಾಡಿದಳು. “ಉಣ್ಣಿ ಕತ್ತರಿಸೋದೊಂದು ಬಾಕಿ ಐತಿ.”

“ನಿನ್ನ ಉಣ್ಣಿ ತಗೊಂಡು ಏನ್ ಮಾಡ್ಲಿ ಬೇ” ಎಂದಳು ಅಖಿಲಾ. “ಕಂಬಳಿ ಹೋಗ್ಲಿ, ಕಾಲೊರಸಾಕೂ ಬರಂಗಿಲ್ಲ.”

ಆಮೇಲೆ ನಾನು ಕೇಳಿ ಕೇಳಿ ಆ ಹುಡುಗಿಯಿಂದ ವಿಷಯ ಹೊರಡಿಸಿದೆ. ಅವಳು ತಾನಾಗಿ ಹೇಳುವವಳಲ್ಲ. ಅರ್ಧ ಅವಳು ಹೇಳಿದಳು, ಅರ್ಧ ಉಳಿದವರು ತುಂಬಿದರು.

ಮೇಲಿನವರನ್ನು ಕೆಳಗೆ ಇಳಿಸಿದ ಮೊದಲ ವಾರ ಆ ಕೋಣೆ ನಾನು ಎಣಿಸಿದ ಹಾಗೆಯೇ ಇತ್ತಂತೆ. ಮಂಚಕ್ಕೆ ಜಗಳ, ಗೂಟಕ್ಕೆ ಜಗಳ, ಒಬ್ಬಳ ಕಾಲು ಇನ್ನೊಬ್ಬಳ ತಟ್ಟೆಯಲ್ಲಿ. ಮೂವರು ಹೆಸರು ತೆಗೆಸಿಕೊಂಡು ಮನೆಗೆ ಹೋಗುವ ಮಾತಾಡುತ್ತಿದ್ದರು. ಮೂರನೆಯ ದಿನ ಬೆಳಿಗ್ಗೆ ಭುವನೇಶ್ವರಿ ನಳದ ಹತ್ತಿರ ತಲೆ ತಿರುಗಿ ಬಿದ್ದಳು. ಅವಳು ಎರಡು ದಿನ ಏನೂ ತಿಂದಿರಲಿಲ್ಲ. ಕೂತು ಪೂಜೆ ಮಾಡಲು ಎಲ್ಲಿಯೂ ಎಡೆ ಸಿಕ್ಕಿರಲಿಲ್ಲ. ಪೂಜೆ ಇಲ್ಲದೆ ಉಣ್ಣುವುದಿಲ್ಲ ಎಂದು ತಾಯಿಗೆ ಮಾತು ಕೊಟ್ಟಿದ್ದಳು. ಯಾರಿಗೂ ಹೇಳದೆ ನೀರು ಕುಡಿದುಕೊಂಡು ತರಗತಿಗೆ ಹೋಗಿದ್ದಳು.

ಆ ಎರಡು ದಿನವೂ ನಾನು ಫೋನು ಮಾಡಿದ್ದೆ. ಪೂಜೆಯ ವಿಷಯ ಕೇಳಿದ್ದೆ. ಆಗುತ್ತಿದೆ ಎಂದಿದ್ದಳು. ಊಟದ ವಿಷಯ ಕೇಳುವುದು ನನಗೆ ಮರೆತುಹೋಗಿತ್ತು.

ಬಿದ್ದವಳನ್ನು ಎತ್ತಿ ತಂದವಳು ಅಖಿಲಾ. ಕಾರಣ ಕೇಳಿ ತಿಳಿದುಕೊಂಡವಳೂ ಅವಳೇ. ಕೋಣೆಗೆ ಎಲ್ಲರಿಗಿಂತ ಮೊದಲು ಬಂದಿದ್ದರಿಂದ ಆ ಮೂಡಣ ಕಿಟಕಿಯ ಮೂಲೆ ಅವಳ ಪಾಲಿಗೆ ಬಂದಿತ್ತು. ಗಾಳಿ, ಬೆಳಕು, ಒರಗಲು ಎರಡು ಗೋಡೆ. ಕೋಣೆಯಲ್ಲಿ ಅದೇ ಒಳ್ಳೆಯ ಜಾಗ. ಅದಕ್ಕಾಗಿ ಇಬ್ಬರು ಅವಳ ಜೊತೆ ಮಾತು ಬಿಟ್ಟಿದ್ದರು. ಆ ದಿನ ಅವಳು ತನ್ನ ಹಾಸಿಗೆ, ಟ್ರಂಕು ಎರಡನ್ನೂ ಅಲ್ಲಿಂದ ತೆಗೆದು, ನೆಲ ಒರೆಸಿ, ಭುವನೇಶ್ವರಿಯನ್ನು ಕೂರಿಸಿದಳು. ಪೂಜೆ ಆಗುವ ತನಕ ಯಾರೂ ಹತ್ತಿರ ಹೋಗದಂತೆ ಬೆನ್ನು ಮಾಡಿ ನಿಂತಳು. ಪೂಜೆ ಮುಗಿದ ಮೇಲೆ ತನ್ನ ಸಾಮಾನನ್ನು ಮತ್ತೆ ಅಲ್ಲಿ ತಂದಿಡಲಿಲ್ಲ. ಇನ್ನೊಬ್ಬಳು ಇಡಲು ಬಂದಾಗ ಬಿಡಲಿಲ್ಲ.

ಯಾಕೆ ಎಂದು ಕೇಳಿದೆ. ಅಖಿಲಾ ಆಗಲೂ ನನ್ನನ್ನು ನೋಡದೆ ಮೂಲೆಯನ್ನೇ ನೋಡುತ್ತ ಹೇಳಿದಳು:

“ದೊಡ್ಡ್ಯಾಗ ಎಷ್ಟ ಇಕ್ಕಟ್ಟಾದ್ರೂ ಈದ ಕುರಿಗೆ ಒಂದು ಮೂಲಿ ಬಿಡ್ತೀವಮ್ಮಾ. ಇಲ್ಲಾಂದ್ರ ಮರೀನ ತುಳೀತಾವ. ಯಾವ ಕುರಿ ಯಾವಾಗ ಈತೈತಿ ಯಾರಿಗ್ ಗೊತ್ತು? ಅದಕ ಮೂಲಿ ಯಾವಾಗ್ಲೂ ಖಾಲಿ ಇರಬೇಕು. ಬೇಕಾದಾಗ ಖಾಲಿ ಮಾಡಾಕ ಹೋದ್ರ ಆಗಂಗಿಲ್ಲ.”

ಹೊಲದಲ್ಲಿ ಹಗ್ಗದ ಬಲೆ ಸುತ್ತಿ ಕುರಿ ನಿಲ್ಲಿಸುವ ದೊಡ್ಡಿಯನ್ನು ನಾನು ಎಷ್ಟೋ ಸಲ ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ಒಂದರ ಮೈಗೆ ಒಂದು ಒತ್ತಿ ನಿಂತ ಇನ್ನೂರು ಕುರಿಗಳಲ್ಲಿ ಇಂಥ ವ್ಯವಸ್ಥೆ ಇರುತ್ತದೆಂದು ತಿಳಿದಿರಲಿಲ್ಲ. ಮಂಚ ಹೊರಗೆ ಹಾಕಿಸಿದ್ದು, ಬೇಗ ಏಳುವವರನ್ನು ಬಾಗಿಲ ಕಡೆ ಮಲಗಿಸಿದ್ದು, ಕೆಮ್ಮುವವಳನ್ನು ಕಿಟಕಿಯ ಕಡೆಗೆ ಹಾಕಿದ್ದು, ಎಲ್ಲವೂ ಆ ಒಂದು ಮೂಲೆಯ ಹಿಂದೆ ಬಂದವು. ಪ್ರತಿ ಭಾನುವಾರ ಬಾಗಿಲ ಕಡೆಯವರು ಬಾಗಿಲ ಕಡೆಯಲ್ಲೇ, ಕಿಟಕಿಯ ಕಡೆಯವರು ಕಿಟಕಿಯ ಕಡೆಯಲ್ಲೇ ಒಂದೊಂದು ಜಾಗ ಬಲಕ್ಕೆ ಸರಿಯಬೇಕು. ದೊಡ್ಡಿ ಒಂದೇ ಕಡೆ ನಿಂತರೆ ಕುರಿಗೆ ಕಾಲಿನ ಬೇನೆ ಬರುತ್ತದೆ, ಹುಡುಗಿಯರಿಗೆ ‘ಇದು ನಂದು’ ಎಂಬ ಬೇನೆ ಬರುತ್ತದೆ ಎಂದು ರಜಿತಾ ವಿವರಿಸಿದಳು. ಅಖಿಲಾ ಒಬ್ಬಳು ಮಾತ್ರ ಸರಿಯುವುದಿಲ್ಲ. ಅವಳು ಹೊಸ್ತಿಲಿಗೆ ಅಡ್ಡ ಮಲಗುತ್ತಾಳೆ. ದೊಡ್ಡಿಯ ಬಾಯಿಗೆ ಕುರುಬ ಮಲಗುವುದು ರೂಢಿಯಂತೆ. ಬಾಗಿಲ ಸಂದಿನ ಚಳಿಗಾಳಿ ಎಲ್ಲ ಅವಳಿಗೇ.

ಆ ಮೂಲೆಯ ನಿಯಮ ಸರಳ. ಬೇಕಾದವರು ಹೋಗಿ ಕೂರಬಹುದು. ಕೂತವರನ್ನು ಯಾರೂ ಏನೂ ಕೇಳಬಾರದು. ಬೆಳಿಗ್ಗೆ ಭುವನೇಶ್ವರಿಯ ಪೂಜೆ. ಸಂಜೆ ತಸ್ಲೀಮಳ ನಮಾಜು. ತಿಂಗಳ ಹೊಟ್ಟೆನೋವು ಬಂದವಳು ಮುದುರಿ ಮಲಗುವುದೂ ಅಲ್ಲಿಯೇ. ಪರೀಕ್ಷೆಯಲ್ಲಿ ಫೇಲಾದವಳು ಗೋಡೆಗೆ ಮುಖ ಮಾಡಿ ಕೂತದ್ದೂ ಅಲ್ಲಿಯೇ. ಎದ್ದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಹೋಗಬೇಕು.

ಹೊಟ್ಟೆನೋವಿನ ಮಾತು ಕೇಳಿ ನನ್ನ ಮನಸ್ಸು ಒಂದು ಕ್ಷಣ ಹಿಂಜರಿಯಿತು. ಅದೇ ನೆಲದ ಮೇಲೆ ಮರುದಿನ ಲಿಂಗಪೂಜೆಯೇ? ಹೆಸರೇ ಬಾಣಂತಿ ಕುರಿಯದು. ಆದರೆ ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ಮೂವತ್ತೆಂಟು ವರ್ಷ ಶಾಲೆಯಲ್ಲಿ ಹೇಳಿಕೊಟ್ಟವಳು ನಾನೇ. ಹಲಗೆಯ ಮೇಲೆ ಬರೆಸಿ, ಓದಿಸಿ, ಬಾಯಿಪಾಠ ಮಾಡಿಸಿದ್ದೆ. ಆ ಪಾಠ ಓದದ ಒಬ್ಬ ಕುರುಬರ ಹುಡುಗಿ ಅದನ್ನು ಮೂರು ಅಡಿ ನೆಲದಲ್ಲಿ ಮಾಡಿ ಇಟ್ಟಿದ್ದಳು.

ಆದರೂ ನಿರ್ಧಾರ ಬದಲಾಗಿರಲಿಲ್ಲ. ಹುಡುಗಿಯರು ಒಳ್ಳೆಯವರು, ಸರಿ. ಆದರೆ ಎರಡು ದಿನ ಉಪವಾಸವಿದ್ದು ಬಿದ್ದ ಮಗುವನ್ನು ಇಲ್ಲಿ ಹೇಗೆ ಬಿಟ್ಟು ಹೋಗಲಿ ಎಂದುಕೊಂಡೇ ಮಲಗಿದೆ. ನನಗಾಗಿ ಹನ್ನೆರಡು ಜನ ಎರಡೆರಡು ಬೆರಳು ಸರಿದು ಒಂದು ಹಾಸಿಗೆಯ ಎಡೆ ಮಾಡಿಕೊಟ್ಟರು. ಸರಿದದ್ದು ನನಗೆ ಗೊತ್ತಾಗದಂತೆ ಸರಿದರು.

ಬೆಳಕು ಹರಿಯುವ ಮೊದಲೇ ಸ್ನಾನ ಮುಗಿಸಿ ಬಂದೆ. ನನ್ನ ಪೂಜೆ ಆಗಬೇಕಿತ್ತು. ಮೂಲೆಯಲ್ಲಿ ಯಾರೋ ಆಗಲೇ ನೆಲ ಒರೆಸಿ, ಒಂದು ತಂಬಿಗೆ ನೀರು ಇಟ್ಟಿದ್ದರು. ಕೂತು, ವಿಭೂತಿ ಧರಿಸಿ, ಲಿಂಗವನ್ನು ಎಡದ ಅಂಗೈಯಲ್ಲಿ ಇಟ್ಟುಕೊಂಡೆ. ಕಿಟಕಿಯಿಂದ ಬೆಳಕು ಅಂಗೈಯ ಮೇಲೆ ಬಂತು. ಪಂಚಾಕ್ಷರಿ ಜಪಿಸಲು ತೊಡಗಿದೆ. ಮೂರನೆಯ ಸಲಕ್ಕೆ ದನಿ ಹೊರಡಲಿಲ್ಲ.

ಮಗಳು ಹೋದ ದಿನದಿಂದ ನಾನು ಅತ್ತಿರಲಿಲ್ಲ. ಲಿಂಗೈಕ್ಯಳಾದವಳಿಗೆ ಅಳಬಾರದು, ಅವಳು ಶಿವನಲ್ಲಿ ಸೇರಿದ್ದಾಳೆ ಎಂದು ಮನೆಗೆ ಬಂದವರಿಗೆ ನಾನೇ ಹೇಳುತ್ತಿದ್ದೆ. ಅಳಿಯ ಅಳದಂತೆ, ಮೊಮ್ಮಗಳು ಅಳದಂತೆ ನೋಡಿಕೊಂಡೆ. ನಾನು ಗಟ್ಟಿಯಾಗಿರದಿದ್ದರೆ ಮನೆ ನಿಲ್ಲುವುದಿಲ್ಲ ಎಂಬ ಭಯ. ಎಂಟು ಕೋಣೆಗಳ ಆ ಮನೆಯಲ್ಲಿ ನನಗೆ ಅಳಲು ಒಂದು ಎಡೆ ಸಿಕ್ಕಿರಲಿಲ್ಲ. ಇಲ್ಲಿ, ಯಾರ ಯಾರವೋ ಮಕ್ಕಳ ನಡುವೆ, ಗೋಡೆಗೆ ಮುಖ ಮಾಡಿ, ಅಂಗೈಯಲ್ಲಿ ಲಿಂಗ ಹಿಡಿದುಕೊಂಡು ಅತ್ತೆ. ಎಷ್ಟು ಹೊತ್ತು ಎಂದು ತಿಳಿಯದು. ಹಿಂದೆ ಬಕೀಟಿನ ಸದ್ದು, ಜಡೆ ಹಾಕಿಕೊಳ್ಳುವವರ ಪಿಸುಮಾತು, ಪುಸ್ತಕದ ಹಾಳೆ ಮಗುಚುವ ಸದ್ದು ನಡೆದೇ ಇತ್ತು. ಯಾರೂ ಹತ್ತಿರ ಬರಲಿಲ್ಲ. ಯಾರೂ ಏನಾಯಿತು ಎನ್ನಲಿಲ್ಲ. ಪೂಜೆ ಪೂರೈಸಿ, ಒದ್ದೆ ಬಟ್ಟೆಯಿಂದ ನೆಲ ಒರೆಸಿ ಎದ್ದೆ. ತಸ್ಲೀಮ್ ಒಂದು ಲೋಟ ಚಹಾ ನನ್ನ ಕೈಗೆ ಕೊಟ್ಟು, ಮುಖ ನೋಡದೆ, ತನ್ನ ಕೆಲಸಕ್ಕೆ ಹೋದಳು.

ಭುವನೇಶ್ವರಿಯ ಪೂಜೆಯನ್ನು ನಾನು ಹಿಂದೆ ಕೂತು ನೋಡಿದೆ. ಅವಸರ ಇರಲಿಲ್ಲ. ಮನೆಯಲ್ಲಿ ತಾಯಿಯ ಜೊತೆ ಮಾಡುತ್ತಿದ್ದ ಹಾಗೆಯೇ ಬಿಲ್ವದ ಎಲೆ ಇಟ್ಟು, ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ ಕೂತಿದ್ದಳು. ಆ ಎಲೆಯನ್ನು ಯಾರು ತರುತ್ತಾರೆ ಎಂದು ನಾನು ಆಮೇಲೆ ಕೇಳಿದೆ. ಕಾಲೇಜಿಗೆ ಹೋಗುವ ದಾರಿಯಲ್ಲಿ ಗಿಡ ಇದೆ, ಯಾರ ಕೈಗೆ ಸಿಕ್ಕರೆ ಅವರು ತರುತ್ತಾರೆ ಎಂದಳು.

ಇಬ್ಬರೂ ಪಡಸಾಲೆಗೆ ಬಂದು ಕೂತೆವು. ಹಿಂದಿನ ಸಂಜೆ ನಾನೇ ಎಲ್ಲ ಹೇಳಿದ್ದೆ, ಅವಳನ್ನು ಕೇಳಿರಲಿಲ್ಲ. ಈಗ ಕೇಳಿದೆ. ನಿನಗೇನು ಬೇಕು, ನನ್ನ ಮನಸ್ಸು ನೋಡದೆ ಹೇಳು ಎಂದೆ.

ಹುಡುಗಿ ಹೇಳಿದಳು:

“ಅಜ್ಜಿ, ಮನ್ಯಾಗ ಜಾಗ ಬಾಳ ಐತಿ. ಅವ್ವ ಕುಂದ್ರತಿದ್ದ ಜಾಗ, ಅವ್ವ ನಿಂದ್ರತಿದ್ದ ಜಾಗ, ಎಲ್ಲಾ ಖಾಲಿ ಐತಿ. ಎತ್ತಾಗ ತಿರುಗಿದ್ರೂ ಖಾಲಿ. ಇಲ್ಲಿ ಒಂದ ಮೂಲಿ ಖಾಲಿ ಐತಿ. ಅಷ್ಟು ನನಗ ತಡ್ಕೊಳ್ಳಾಕ ಆಗತೈತಿ.”

ಇಪ್ಪತ್ತು ವರ್ಷವೂ ತುಂಬದ ಮಗು ಇಷ್ಟನ್ನು ಒಳಗೆ ಇಟ್ಟುಕೊಂಡು, ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಎನ್ನುತ್ತಿತ್ತು. ನಾನು ಅವಳ ಪೂಜೆಗೆ ಜಾಗವಿಲ್ಲ ಎಂದು ಕರೆದುಕೊಂಡು ಹೋಗಲು ಬಂದೆನೋ, ಆ ಖಾಲಿ ಮನೆಯಲ್ಲಿ ನನಗೆ ಜೊತೆ ಬೇಕು ಎಂದು ಬಂದೆನೋ? ಎರಡನೆಯದೂ ಸುಳ್ಳಲ್ಲ. ಶಿವನ ಮುಂದೆ ಅದನ್ನು ಒಪ್ಪಿಕೊಂಡೆ. ಮೊಮ್ಮಗಳ ಮುಂದೆ ಹೇಳಲಿಲ್ಲ.

ಅಲ್ಲಿಂದಲೇ ಅಳಿಯನಿಗೆ ಫೋನು ಮಾಡಿದೆ. ನಾರಾಯಣಪೇಟೆ ಬೇಡ, ಇಲ್ಲಿಯೇ ಓದಲಿ ಎಂದೆ. ಅವನು “ಉಣ್ತಾಳೇನ್ರಿ ಅತ್ತಿ?” ಎಂದು ಕೇಳಿದ. ಉಣ್ಣುತ್ತಾಳೆ ಎಂದೆ. ಹಾಗಾದರೆ ಒಳ್ಳೆಯದು ಎಂದು ಫೋನಿಟ್ಟ. ಭುವನೇಶ್ವರಿ ನನ್ನ ಭುಜಕ್ಕೆ ತಲೆ ಒರಗಿಸಿ, ಎದ್ದು, ತಿಂಡಿಯ ಸಾಲಿಗೆ ಹೋದಳು. ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡದ್ದನ್ನು ದೂರದಿಂದ ನೋಡಿದೆ.

ಹೊರಡುವಾಗ ಅಖಿಲಾ ಹೊಸ್ತಿಲ ಹತ್ತಿರ ತನ್ನ ಹಾಸಿಗೆ ಸುತ್ತಿ ಕಟ್ಟುತ್ತಿದ್ದಳು. ಅವಳಿಗೆ ಏನಾದರೂ ಹೇಳಬೇಕೆಂದು ನಿಂತೆ. ಇಷ್ಟೆಲ್ಲ ಯಾರಿಂದ ಕಲಿತೆ ಯವ್ವಾ ಎಂದು ಕೇಳಿದೆ. ಕಲಿಯುವುದು ಏನಿದೆ ಎಂಬಂತೆ ಅವಳು ನಕ್ಕಳು. ತಾಯಿ ಆಶಮ್ಮ ದೊಡ್ಡಿಯಲ್ಲೇ ತನ್ನನ್ನು ಹಡೆದಳಂತೆ, ಆ ದಿನ ಕುರಿಗಳೇ ಸರಿದು ಮೂಲೆ ಬಿಟ್ಟವಂತೆ ಎಂದು ಊರಲ್ಲಿ ಹೇಳುತ್ತಾರೆ, ಬೀರಪ್ಪ ದೇವರಿಗೇ ಗೊತ್ತು ಎಂದಳು. ನಾನು ಅವಳ ತಲೆಯ ಮೇಲೆ ಕೈ ಇಟ್ಟೆ. ಆಗ ಮೊದಲ ಸಲ ಅವಳು ನನ್ನ ಮುಖ ನೇರ ನೋಡಿದಳು.

ಭುವನೇಶ್ವರಿ ಬಸ್ ಸ್ಟ್ಯಾಂಡಿನ ತನಕ ಬಂದಳು. ಆತ್ಮಕೂರಿನ ಬಸ್ಸು ನಿಂತಿತ್ತು. ಡ್ರೈವರ್ ಚಹಾಕ್ಕೆ ಹೋಗಿದ್ದ. ನನ್ನನ್ನು ಕಿಟಕಿಯ ಹತ್ತಿರ ಕೂರಿಸಿ ಅವಳು ಕೆಳಗೆ ನಿಂತಳು. ಎರಡು ಸಲ ಫೋನು ತೆಗೆದು ಹೊತ್ತು ನೋಡಿದಳು.

“ಯಾಕವ್ವಾ?” ಎಂದೆ.

“ಇವತ್ತು ಐತಾರ ಅಲ್ಲಾ ಅಜ್ಜಿ, ಜಾಗ ಸರ್‍ಯೋದೈತಿ. ಎಲ್ಲಾರೂ ಬರೋ ತನಕ ಶುರು ಮಾಡಂಗಿಲ್ಲ. ನನ್ನ ಸಲುವಾಗಿ ನಿಂತಿರ್ತಾರ.”

ಹೋಗು ಎಂದೆ. ಬಸ್ಸು ಬಿಡುವ ತನಕ ನಿಲ್ಲುತ್ತೇನೆ ಎಂದಳು. ಬೇಡ, ಹೋಗು ಎಂದೆ. ಕಿಟಕಿಯ ಸರಳಿನ ಸಂದಿನಿಂದ ನನ್ನ ಬೆರಳು ಹಿಡಿದು ಬಿಟ್ಟು, ಜನರ ನಡುವೆ ದಾರಿ ಮಾಡಿಕೊಂಡು ಬೇಗ ಬೇಗ ನಡೆದಳು. ಮೂಲೆ ತಿರುಗುವಲ್ಲಿ ಓಡಲು ಶುರು ಮಾಡಿದಳು.